ಕಲ್ಲಂಗಡಿಗೂ ಹೃದ್ರೋಗ

ಇ.ಸಿ.ಜಿ. ಕೋಣೆಗೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಒಮ್ಮೊಮ್ಮೆ ನನ್ನನ್ನು ನೋಡಲು ಬರುತ್ತಾರೆ. "ಅಮ್ಮಾ, ನಿಮ್ಮ ಕಾಲದಾಗ ಮಷೀನು ಹ್ಯಾಂಗಿತ್ತು?" ಎಂದು ಕೇಳುತ್ತಾರೆ. ಕಬ್ಬಿಣದ ಟ್ರಂಕಿನಷ್ಟಿತ್ತು, ಎತ್ತಲು ಇಬ್ಬರು ಬೇಕಿತ್ತು, ಹಳೆಯ ರೇಡಿಯೋದಲ್ಲಿದ್ದಂಥ ಒಳಗಿನ ಗಾಜಿನ ವಾಲ್ವುಗಳು ಬಿಸಿಯಾಗುವ ತನಕ ಸುಮ್ಮನೆ ಕೂತಿರಬೇಕಿತ್ತು ಎಂದು ಹೇಳಿ ಚಹಾ ಕುಡಿಸಿ ಕಳಿಸುತ್ತೇನೆ. ಅವರಿಗೆ ನಿಜವಾಗಿ ಹೇಳಬೇಕಾದದ್ದು ಮಷೀನಿನ ಮಾತಲ್ಲ. ಅದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವುದೂ ಇಲ್ಲ. ಅದಕ್ಕೇ ಬರೆಯಲು ಕೂತೆ. ಬಡ್ತಿ, ವರ್ಗಾವಣೆಯ ಸುದ್ದಿ ಇದರಲ್ಲಿ ಇಲ್ಲ. ಅವು ಎಲ್ಲರಿಗೂ ಆಗುತ್ತವೆ.

ನಾನು ಸರೋಜಮ್ಮ, ಆಲೂರಿನವಳು. ಬಳ್ಳಾರಿಯಲ್ಲಿ ನರ್ಸ್ ತರಬೇತಿ ಮುಗಿಸಿ ಆದೋನಿಯ ಒಂದು ಧರ್ಮಾಸ್ಪತ್ರೆಗೆ ಸೇರಿದೆ. ನಮ್ಮ ತಾಲೂಕುಗಳು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಹೊಸ ಆಂಧ್ರ ರಾಜ್ಯದ ಕರ್ನೂಲಿಗೆ ಸೇರಿದ ವರ್ಷ ಅದು. ಆಸ್ಪತ್ರೆಯನ್ನು ಕಟ್ಟಿಸಿದವರು ಹತ್ತಿ ಜಿನ್ನಿಂಗ್ ಮಿಲ್ಲಿನ ಮಾಲೀಕರಾದ ಸಾವ್ಕಾರ್ ಗುರುಶಾಂತಪ್ಪನವರು. ಬೇರೆ ಜಾಗ ಯಾಕೆ ಎಂದು ತಮ್ಮ ಮಿಲ್ಲಿನ ಕಾಂಪೌಂಡಿನಲ್ಲೇ, ಮಿಲ್ಲಿನ ಗೋಡೆಗೆ ಒರಗಿಸಿ ಕಟ್ಟಿಸಿದ್ದರು. ಆ ಗೋಡೆಯ ಆಚೆಗೆ ದೊಡ್ಡ ಮೋಟರು, ಈಚೆಗೆ ನಮ್ಮ ಪರೀಕ್ಷೆ ಕೋಣೆ. ಮೋಟರು ಓಡುವಾಗ ಔಷಧದ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತಿದ್ದವು. ಹೊಸಬರಿಗೆ ಎರಡು ದಿನ ಕೇಳಿಸುತ್ತಿತ್ತು, ರೂಢಿಯಾದ ಮೇಲೆ ಕೇಳಿಸುತ್ತಿರಲಿಲ್ಲ.

ಡಾಕ್ಟರು ನರಸಿಂಗರಾಯರು. ಒಳ್ಳೆಯ ಮನುಷ್ಯ, ಬಹಳ ಓದಿದವರು. ಓದಿದ್ದೆಲ್ಲ ಎದುರಿಗಿರುವ ರೋಗಿಯಲ್ಲಿ ಕಾಣಿಸುವುದೊಂದೇ ಅವರ ಕಷ್ಟ. ಸಾವ್ಕಾರರು ಮದ್ರಾಸಿನಿಂದ ಇ.ಸಿ.ಜಿ. ಮಷೀನು ತರಿಸಿಕೊಟ್ಟಾಗ ಡಾಕ್ಟರು ಅಲ್ಲಿಗೇ ಹೋಗಿ ಹದಿನೈದು ದಿನ ಅದರ ವಿದ್ಯೆ ಕಲಿತು ಬಂದರು. ಅವರಿಂದ ನಾನು ಒಂದೇ ಮಧ್ಯಾಹ್ನದಲ್ಲಿ ಕಲಿತೆ. ಎರಡು ಕೈಗೆ, ಎರಡು ಕಾಲಿಗೆ ತಗಡಿನ ಬಿಲ್ಲೆ ಇಟ್ಟು ರಬ್ಬರ್ ಪಟ್ಟಿ ಕಟ್ಟುವುದು, ಗುಂಡಿ ತಿರುಗಿಸುವುದು. ಕಾಗದದ ಮೇಲೆ ಮೊದಲು ಒಂದು ಸಣ್ಣ ದಿಬ್ಬ, ಅದರ ಬೆನ್ನಿಗೇ ಒಂದು ಎತ್ತರದ ಮುಳ್ಳು, ಮತ್ತೆ ಒಂದು ದಿಬ್ಬ ಬಂದರೆ ಎದೆ ನೆಟ್ಟಗಿದೆ ಎಂದು ಅರ್ಥ.

ಉದ್ಘಾಟನೆಯ ದಿನ ಮೊದಲ ರೋಗಿ ಸಾವ್ಕಾರರೇ. ರೋಗ ಏನೂ ಇರಲಿಲ್ಲ, ಗೌರವಕ್ಕೆ ಅಷ್ಟೇ. ಊರಿನ ದೊಡ್ಡವರೆಲ್ಲ ಬಂದಿದ್ದರು. ಕೊರಳ ಹಾರ ತೆಗೆದು ಅವರನ್ನು ಮಲಗಿಸಿದೆವು. ನಾನು ಬಿಲ್ಲೆ ಕಟ್ಟಿದೆ, ಡಾಕ್ಟರು ಗುಂಡಿ ತಿರುಗಿಸಿದರು. ಕಾಗದ ಹೊರಗೆ ಬಂತು. ಅದರ ಮೇಲೆ ದಿಬ್ಬವೂ ಇಲ್ಲ, ಮುಳ್ಳೂ ಇಲ್ಲ. ಬಾಚಣಿಗೆಯ ಹಲ್ಲಿನಂತೆ ಒತ್ತೊತ್ತಾಗಿ ನಡುಕವೇ ನಡುಕ.

ಡಾಕ್ಟರ ಮುಖ ಬಿಳಿಚಿತು. ಎದೆ ಕೆಲಸ ನಿಲ್ಲಿಸುವ ಮುಂಚೆ ಹೀಗೆ ನಡುಗುತ್ತದೆ ಎಂದು ಅವರು ಪುಸ್ತಕದಲ್ಲಿ ಓದಿದ್ದರು.

"ಸಾವ್ಕಾರ್ರೇ, ಅಲ್ಲಾಡಬ್ಯಾಡ್ರಿ," ಎಂದರು. "ಮಾತಾಡಬ್ಯಾಡ್ರಿ. ಏಳಬ್ಯಾಡ್ರಿ."

"ಏನಾಯ್ತ್ರಿ? ನಾ ಚಲೋ ಅದೀನಲ್ಲ?"

"ಮಾತಾಡಬ್ಯಾಡ್ರಿ ಅಂದ್ನಲ್ರಿ!"

ಮಿಲ್ಲಿನ ನಾಲ್ವರು ಹಮಾಲರು ಮಂಚದ ಸಮೇತ ಅವರನ್ನು ಹೊತ್ತುಕೊಂಡು ಮನೆಗೆ ಹೊರಟರು. ಹಾರ ನೆಲಕ್ಕೆ ಬಿದ್ದೀತು ಎಂದು ಯಾರೋ ಅದನ್ನು ಮಂಚದ ಮೇಲೆ, ಅವರ ಎದೆಯ ಮೇಲೆಯೇ ಇಟ್ಟರು. ಹೂವಿನ ಹಾರ, ನಾಲ್ವರು ಹೊರುವವರು, ಹಿಂದೆ ತಲೆ ತಗ್ಗಿಸಿ ನಡೆಯುವ ದೊಡ್ಡವರು. ಬೀದಿಯ ಹೆಂಗಸರು ನೋಡಿ ಗೊಳೋ ಎಂದು ಅತ್ತರು. ಒಬ್ಬ ಮುದುಕಿ ಬಂದು ಸಾವ್ಕಾರರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಡಾಕ್ಟರು ಹೇಳಿದ್ದಕ್ಕೆ ಸಾವ್ಕಾರರು ಮಾತಾಡಲಿಲ್ಲ, ಕಣ್ಣು ಮಾತ್ರ ಬಿಟ್ಟು ಅವಳನ್ನು ನೋಡಿದರಂತೆ. ಆ ಮುದುಕಿ ಎರಡು ದಿನ ಜ್ವರ ಬಂದು ಮಲಗಿದಳು.

ಮರುದಿನ ಕಾವಲುಗಾರನ ಎದೆ ನೋಡಿದೆವು. ಬಾಚಣಿಗೆ. ಕಸ ಗುಡಿಸುವ ಆಕೆಯದು, ಬಾಚಣಿಗೆ. ಡಾಕ್ಟರು ಬಾಗಿಲು ಹಾಕಿಕೊಂಡು ತಾವೇ ಮಲಗಿದರು. ಹೊರಬಂದ ಕಾಗದದ ಪಟ್ಟಿಯನ್ನು ನಾನು ಹರಿದು ನೋಡಿದೆ.

"ಏಮಮ್ಮಾ ಸರೋಜಮ್ಮಾ, ನನಗೂ ಐತಾ?"

"ಐತ್ರೀ ಸರ್."

"ನೀನು ಮಲಗು, ನೋಡೋಣ."

ನನಗೂ ಇತ್ತು. ಇಬ್ಬರೂ ಎದುರುಬದುರು ಸ್ಟೂಲಿನ ಮೇಲೆ ಕೂತೆವು. ನನಗಾಗ ಇಪ್ಪತ್ತೆರಡು ವರ್ಷ. ಆಲೂರಿನ ಅವ್ವನಿಗೆ ಹೇಗೆ ತಿಳಿಸಲಿ ಎಂದು ಯೋಚಿಸುತ್ತಿದ್ದೆ. ಡಾಕ್ಟರು ಗುಂಟೂರಿನಲ್ಲಿದ್ದ ತಮ್ಮನಿಗೆ ಕಾಗದ ಬರೆದರು. ಒಂದು ವಾರ ಆಸ್ಪತ್ರೆಯ ಮಂದಿಯೆಲ್ಲ ಮೊಟ್ಟೆಯ ಮೇಲೆ ನಡೆದ ಹಾಗೆ ನಡೆದೆವು. ಮೆಟ್ಟಿಲು ಹತ್ತುವಾಗ ಒಬ್ಬರು ಇನ್ನೊಬ್ಬರ ಕೈ ಹಿಡಿಯುತ್ತಿದ್ದೆವು. ನಮ್ಮನ್ನು ನೋಡಿ ರೋಗಿಗಳು ಬರುವುದನ್ನೇ ನಿಲ್ಲಿಸಿದರು.

ಇದನ್ನು ಬಿಡಿಸಿದವನು ಮಿಲ್ಲಿನ ಕರೆಂಟ್ ಕೆಲಸದ ಖಾದರ್ ಸಾಬ. ಓದು ನಾಲ್ಕನೆಯ ಕ್ಲಾಸು. ತಂತಿಯನ್ನು ಮೂಸಿ ನೋಡಿ ಎಲ್ಲಿ ಸುಟ್ಟಿದೆ ಎಂದು ಹೇಳುವವನು. ಆಸ್ಪತ್ರೆಗೆ ಆಸ್ಪತ್ರೆಯೇ ಹಾಸಿಗೆ ಹಿಡಿಯುತ್ತಿದೆ ಎಂಬ ಸುದ್ದಿ ಕೇಳಿ ನೋಡಲು ಬಂದ.

"ಡಾಕ್ಟರ್ ಸಾಬ್, ಈ ಮಷೀನು ಯಾರದರ ಎದಿ ಚಲೋ ಐತಿ ಅಂತ ಒಂದು ಸಲಾನರ ಹೇಳೈತೇನ್ರಿ?"

ಡಾಕ್ಟರು ಯೋಚಿಸಿದರು. ಹೇಳಿರಲಿಲ್ಲ.

ಆ ದಿನ ಯಾರೋ ರೋಗಿ ನಾಗಲದಿನ್ನೆಯ ಹೊಳೆ ಮರಳಿನಲ್ಲಿ ಬೆಳೆದ ಕಲ್ಲಂಗಡಿ ಹಣ್ಣೊಂದನ್ನು ತಂದುಕೊಟ್ಟಿದ್ದರು. ಖಾದರ್ ಅದನ್ನು ಎತ್ತಿ ಮಂಚದ ಮೇಲೆ ಇಟ್ಟ. "ಕಟ್ರಿ ನರ್ಸಮ್ಮಾ," ಎಂದ. ಹಣ್ಣಿಗೆ ಕೈ ಯಾವುದು ಕಾಲು ಯಾವುದು ಎಂದು ನಾನು ಕೇಳಿದೆ. ಎಲ್ಲಾದರೂ ಕಟ್ಟಿರಿ ಎಂದ. ಕಟ್ಟಿದೆ. ಗುಂಡಿ ತಿರುಗಿಸಿದರೆ ಅದೇ ಬಾಚಣಿಗೆ.

"ಅರೆರೆ," ಎಂದ ಖಾದರ್. "ಪಾಪ, ಹಣ್ಣಿಗೂ ಬಂದೈತಿ!"

ಮಷೀನು ಓಡುತ್ತಿರಲಿ ಎಂದು ಹೇಳಿ ಆಚೆಗೆ ಹೋದ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಮೋಟರಿನ ಸದ್ದು ಇಳಿಯುತ್ತಾ ಇಳಿಯುತ್ತಾ ನಿಂತಿತು. ಸೀಸೆಗಳ ಕಿಣಿಕಿಣಿ ನಿಂತಿತು. ಕಾಗದದ ಮೇಲಿನ ಗೆರೆ ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗಾಯಿತು. ಖಾದರ್ ಕಿಟಕಿಯಿಂದ ಇಣುಕಿ ಕೇಳಿದ, "ಈಗ ಹ್ಯಾಂಗೈತ್ರಿ?"

"ಗೆರಿ ನೆಟ್ಟಗಾತು."

"ಹಂಗಾದ್ರ ಸತ್ತೈತಿ. ಕೊಯ್ರಿ, ತಿನ್ನೋಣು."

ಮಿಲ್ಲಿನ ಕರೆಂಟು ಗೋಡೆಯ ತಂತಿಗಳ ಮೂಲಕ ನಮ್ಮ ಮಂಚಕ್ಕೆ, ಮಂಚದಿಂದ ರೋಗಿಯ ಮೈಗೆ ಸೋಂಕುತ್ತಿತ್ತು. ಮೈಗೆ ತಿಳಿಯದಷ್ಟು ಸಣ್ಣದು. ಆದರೆ ಎದೆಯ ಕರೆಂಟು ಅದಕ್ಕಿಂತಲೂ ಸಣ್ಣದು. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಳ್ಳಲು ಹೋದ ಹಾಗಾಗಿತ್ತು ನಮ್ಮ ಕೆಲಸ. ನಾವು ಮೂವರೂ ಆ ರೋಗಿಯನ್ನು ಕೊಯ್ದು ತಿಂದೆವು. ಡಾಕ್ಟರು ಬೀಜ ಕೂಡ ಉಗುಳಲಿಲ್ಲ.

ಆದರೆ ಸಾವ್ಕಾರರು ಆಗಲೇ ಒಂಬತ್ತು ದಿನ ಹಾಸಿಗೆಯಲ್ಲಿ ಕಳೆದಿದ್ದರು. ಡಾಕ್ಟರೂ ನಾನೂ ಹೋಗಿ ಸಂಗತಿ ಹೇಳಿದೆವು. ಅವರಿಗೆ ಸಂತೋಷವಾಗಲಿಲ್ಲ.

"ಕಲ್ಲಂಗಡಿ ಮಾತು ಬ್ಯಾರೆ, ನನ್ನ ಮಾತು ಬ್ಯಾರೆ," ಎಂದರು. "ಅದಕ್ಕ ಇಲ್ಲ ಅಂದ ಕೂಡ್ಲೇ ನನಗೂ ಇಲ್ಲ ಅಂತ ಹ್ಯಾಂಗ ಹೇಳ್ತೀರಿ? ಒಂಬತ್ತು ದಿನದಿಂದ ಎದ್ಯಾಗ ಒಂಥರಾ ಆಗಾಕತ್ತೈತಿ."

ಹಾಗಿದ್ದರೆ ಮಿಲ್ಲು ನಿಲ್ಲಿಸಿ ಇನ್ನೊಮ್ಮೆ ನೋಡೋಣ ಎಂದೆವು. ಬಂದು ಮಲಗಿದರು. ಖಾದರ್ ಮೋಟರು ನಿಲ್ಲಿಸಿದ. ಇಪ್ಪತ್ತು ವರ್ಷದಿಂದ ಹಗಲೆಲ್ಲ ಆ ಸದ್ದು ಕೇಳಿದ ಮನುಷ್ಯ ಅವರು. ಅದು ನಿಂತ ಕೂಡಲೇ ಅರ್ಧ ಎದ್ದು ಕೂತರು. "ಯಾಕ ನಿಂತತಿ? ಬೆಲ್ಟ್ ಹರೀತೇನು?" ಎಂದು ಕೂಗಿದರು. ನಿಲ್ಲಿಸಿದ್ದು ನಾವೇ ಎಂದು ನೆನಪು ಮಾಡಿಕೊಟ್ಟು ಮಲಗಿಸಿದರೂ ನಾಡಿ ನೂರಾ ಮೂವತ್ತರ ಕೆಳಗೆ ಇಳಿಯಲಿಲ್ಲ. ಮಿಲ್ಲು ಓಡಿದರೆ ಮಷೀನು ನಡುಗುತ್ತಿತ್ತು, ಮಿಲ್ಲು ನಿಂತರೆ ಸಾವ್ಕಾರರು ನಡುಗುತ್ತಿದ್ದರು. ನಾನು ಆ ಆಸ್ಪತ್ರೆಯಲ್ಲಿ ಇದ್ದಷ್ಟು ವರ್ಷ ಅವರ ಒಂದು ಒಳ್ಳೆಯ ಪಟ್ಟಿ ನಮಗೆ ಸಿಗಲೇ ಇಲ್ಲ.

ಆಮೇಲೆ ಖಾದರ್ ನಮಗೆ ಎಚ್ಚರಿಕೆಗಳನ್ನು ಕಲಿಸಿದ. ಕಬ್ಬಿಣದ ಮಂಚ ತೆಗೆಸಿ ಕಟ್ಟಿಗೆಯದನ್ನು ಹಾಕಿಸಿದ. ಅದನ್ನು ಗೋಡೆಯಿಂದ ದೂರ ಎಳೆಸಿದ. ಫ್ಯಾನಿನ ಗುಂಡಿ ಆರಿಸಿದರೆ ಸಾಲದು, ತಂತಿಯನ್ನೇ ಕೀಳಬೇಕು ಎಂದ. ಮಷೀನಿನಿಂದ ಒಂದು ತಂತಿಯನ್ನು ಅಂಗಳಕ್ಕೆ ಎಳೆದು, ಇದ್ದಿಲು ಉಪ್ಪು ತುಂಬಿದ ಗುಂಡಿಯಲ್ಲಿ ಹೂತ. ಹೆಚ್ಚಿನ ಕರೆಂಟು ಅದರೊಳಗೆ ಇಳಿದು ಹೋಗಬೇಕು. ಆದರೆ ಆದೋನಿಯ ಬೇಸಿಗೆಯಲ್ಲಿ ನೆಲ ಹಂಚಿನಂತೆ ಒಣಗುತ್ತದೆ. ಒಣ ನೆಲಕ್ಕೆ ಕರೆಂಟು ಇಳಿಯುವುದಿಲ್ಲ. ಹಾಗಾಗಿ ಪ್ರತಿ ಪರೀಕ್ಷೆಗೂ ಮುಂಚೆ ಗುಂಡಿಗೆ ಒಂದು ಕೊಡ ನೀರು ಹಾಕಬೇಕಿತ್ತು.

ಕುಡಿಯುವ ನೀರಿಗೇ ಸಾಲು ನಿಲ್ಲುವ ಊರು ಅದು. ಅಲ್ಲಿ ನರ್ಸಮ್ಮ ಒಬ್ಬಳು ಮಣ್ಣಿಗೆ ನೀರು ಸುರಿದರೆ ಜನ ಸುಮ್ಮನೆ ನೋಡುತ್ತಾರೆಯೇ? ನೀರು ಹಾಕಿದರೆ ಮಷೀನು ನೆಟ್ಟಗೆ ಬರೆಯುತ್ತದೆ ಎಂದು ಹೇಳಿದೆ. ವಾರದೊಳಗೆ ಗುಂಡಿಗೆ ಅರಿಶಿನ ಕುಂಕುಮ ಬಿತ್ತು. ನಿಂಬೆಹಣ್ಣು ಬಂತು. ರೋಗಿಯ ಕಡೆಯವರು ಊರಿನಿಂದಲೇ ಕೊಡ ತುಂಬಿ ತರತೊಡಗಿದರು. "ನಮ್ಮ ಮಾವನ ಎದಿ ದೊಡ್ಡದ್ರಿ, ಎರಡು ಕೊಡ ತಂದೀವಿ," ಎಂದು ಒಬ್ಬ ಸೊಸೆ ಹೇಳಿದಳು. ಬೈಯಬೇಕು ಎಂದುಕೊಂಡೆ. ಆದರೆ ಎರಡು ಕೊಡ ಹಾಕಿದ ಆ ಮಾವನ ಪಟ್ಟಿ ನಿಜಕ್ಕೂ ಎಲ್ಲರದಕ್ಕಿಂತ ಸ್ವಚ್ಛವಾಗಿ ಬಂತು.

ನನ್ನ ದೊಡ್ಡ ತಪ್ಪು ಬೋರ್ಡು. ಕೋಣೆಯ ಬಾಗಿಲಿಗೆ ಕನ್ನಡ ತೆಲುಗು ಎರಡರಲ್ಲೂ ಬರೆಸಿದೆ: 'ಎದೆಯ ರೋಗಿಗಳಿಗೆ ಎಚ್ಚರಿಕೆ. ಗಡಿಯಾರ ಬಿಚ್ಚಿರಿ. ಕಬ್ಬಿಣ ಮುಟ್ಟಬೇಡಿ. ಫ್ಯಾನು, ರೇಡಿಯೋಗಳಿಂದ ದೂರವಿರಿ. ಯಾರೂ ರೋಗಿಯನ್ನು ಮುಟ್ಟಬಾರದು.' ಇದು ಪರೀಕ್ಷೆ ನಡೆಯುವಷ್ಟು ಹೊತ್ತಿಗೆ ಮಾತ್ರ, ಮಷೀನಿಗಾಗಿ ಎಂದು ಬರೆಸುವುದನ್ನು ಮರೆತೆ. ಜನ ಅದನ್ನು ಜೀವಮಾನದ ಪಥ್ಯ ಎಂದುಕೊಂಡರು. ಸಾವ್ಕಾರರು ಅದನ್ನು ನಕಲು ಮಾಡಿಸಿ ಮನೆಯ ಪಡಸಾಲೆಯಲ್ಲಿ ತೂಗುಹಾಕಿದರು. ಮೇ ತಿಂಗಳಿನಲ್ಲಿ ಫ್ಯಾನು ಕೀಳಿಸಿ ಬೆವರಿನಲ್ಲಿ ಮಿಂದರು. ರೇಡಿಯೋ ಎತ್ತಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಇಡಿಸಿದರು. ಮಿಲ್ಲಿನೊಳಗೆ ಕಾಲಿಡದೆ ರಸ್ತೆಯ ಆಚೆ ಬೇವಿನ ಮರದ ಕೆಳಗೆ ನಿಂತು, ಕೆಂಪು ವಸ್ತ್ರ ಬೀಸಿದರೆ ನಿಲ್ಲಿಸು, ಬಿಳಿ ವಸ್ತ್ರ ಬೀಸಿದರೆ ಓಡಿಸು ಎಂದು ವ್ಯಾಪಾರ ನಡೆಸಿದರು. ಒಮ್ಮೆ ಬೆವರು ಒರೆಸಿಕೊಳ್ಳಲು ಬಿಳಿ ವಸ್ತ್ರ ತೆಗೆದದ್ದಕ್ಕೆ ಮಿಲ್ಲಿನವರು ಆಗ ತಾನೇ ನಿಲ್ಲಿಸಿದ್ದ ಯಂತ್ರಗಳನ್ನೆಲ್ಲ ಹೊರಡಿಸಿಬಿಟ್ಟಿದ್ದರು. ನಾನು ಎಷ್ಟು ಸಲ ಹೋಗಿ ತಿಳಿಸಿದರೂ "ನೀ ಬರೆದದ್ದು ನೀನೇ ಸುಳ್ಳು ಅಂತೀಯೇನವಾ?" ಎನ್ನುತ್ತಿದ್ದರು.

ಇಲ್ಲಿಯವರೆಗೂ ನಗುವ ಮಾತು. ಇನ್ನು ಮುಂದೆ ಹೇಳುವುದನ್ನು ಹೊಸ ಹುಡುಗಿಯರು ಗಮನವಿಟ್ಟು ಓದಬೇಕು.

ಒಂದು ದಿನ ಬೆಳಿಗ್ಗೆ ಪೆದ್ದಕಡುಬೂರಿನಿಂದ ಹನುಮಕ್ಕ ಎಂಬ ಮೂವತ್ತು ಮೂವತ್ತೈದು ವರ್ಷದ ಹೆಂಗಸು ಗಂಡನ ಜೊತೆ ಬಂದಳು. ಹತ್ತಿ ಬಿಡಿಸುವ ಕೂಲಿ. ಹೊಲದ ಸಾಲಿನಲ್ಲಿ ನಿಂತವಳು ನಿಂತ ಹಾಗೇ ಬೀಳುತ್ತಾಳೆ, ಸ್ವಲ್ಪ ಹೊತ್ತಿಗೆ ಏಳುತ್ತಾಳೆ.

"ಏನಾಗತೈತಿ ನಿನಗ?" ಎಂದೆ.

"ಎದಿ ಕೂತ್ಕೊಂಡು ಬಿಡ್ತೈತ್ರಿ. ಸುಸ್ತಾದ ಎತ್ತು ಕೂತಂಗ. ಆಮ್ಯಾಲ ತಾನಾಗೇ ಏಳತೈತಿ."

ಇದಕ್ಕಿಂತ ಸ್ಪಷ್ಟವಾಗಿ ಯಾವ ರೋಗಿಯೂ ನನಗೆ ಮತ್ತೆಂದೂ ಹೇಳಿಲ್ಲ. ನಾನು ಕೇಳಿಸಿಕೊಳ್ಳಲಿಲ್ಲ. ಗಡಿಯಾರ ಇದೆಯಾ, ಕಬ್ಬಿಣ ಇದೆಯಾ ಎಂದು ನೋಡಿ, ಗುಂಡಿಗೆ ನೀರು ಹಾಕಿ, ಮಿಲ್ಲು ನಿಲ್ಲಿಸಿ ಬಿಲ್ಲೆ ಕಟ್ಟಿದೆ.

ಪಟ್ಟಿ ವಿಚಿತ್ರವಾಗಿ ಬಂತು. ನಡುಕ ಇರಲಿಲ್ಲ. ಆದರೆ ಸಣ್ಣ ದಿಬ್ಬಗಳು ತಮ್ಮಷ್ಟಕ್ಕೆ ತಾವು ಒಂದೇ ಸಮನೆ, ನಿಮಿಷಕ್ಕೆ ಎಂಬತ್ತರಂತೆ ಹೋಗುತ್ತಿದ್ದವು. ಅವುಗಳ ನಡುವೆ ಎಲ್ಲೋ ಒಂದೊಂದು ಮುಳ್ಳು, ನಿಮಿಷಕ್ಕೆ ಮೂವತ್ತೂ ಇಲ್ಲ. ದಿಬ್ಬಕ್ಕೂ ಮುಳ್ಳಿಗೂ ಸಂಬಂಧವೇ ಇಲ್ಲ.

"ಸರ್, ಹೊರಗಿಂದು ಏನೋ ಸೇರೇತ್ರಿ," ಎಂದೆ, ದೊಡ್ಡ ಜಾಣೆಯ ಹಾಗೆ. "ಈ ದಿಬ್ಬ ಆಕಿದಲ್ಲ."

ಡಾಕ್ಟರು ಕನ್ನಡಕ ಏರಿಸಿ ನೋಡಿ ಒಪ್ಪಿದರು. ಒಮ್ಮೆ ಸುಟ್ಟುಕೊಂಡ ಮೇಲೆ ನಾವಿಬ್ಬರೂ ಮಷೀನನ್ನು ನಂಬುವುದನ್ನೇ ಬಿಟ್ಟಿದ್ದೆವು. ನಿಮಿಷಕ್ಕೆ ಎಂಬತ್ತು ಸಲ ನಡೆಯುವ ವಸ್ತು ಆ ಬೀದಿಯಲ್ಲಿ ಏನಿದೆ, ಹುಡುಕಬೇಕು. ಖಾದರ್ ಡಾಕ್ಟರ ಗಡಿಯಾರ ತೆಗೆದುಕೊಂಡು ಹೊರಟ.

ಮೊದಲು ಹಿಟ್ಟಿನ ಗಿರಣಿ ನಿಲ್ಲಿಸಿದ. ದಿಬ್ಬ ಹೋಗಲಿಲ್ಲ. ಹೋಟೆಲ್ಲಿನ ರೇಡಿಯೋ ಆರಿಸಿದ. ಹೋಗಲಿಲ್ಲ. ಬೀದಿಯ ಅಷ್ಟೂ ಮನೆಗಳ ಮೈನು ತೆಗೆಸಿದ. ಹೋಗಲಿಲ್ಲ. ಆಮೇಲೆ ಅವನಿಗೆ ಹಟ ಹತ್ತಿತು. ಗಡಿಯಾರ ಹಿಡಿದು ಎಣಿಸಿಕೊಂಡು ಬಂದು ಹೇಳಿದ, "ಸಾಬ್, ಸಿಕ್ಕಿತು. ಮೂಲಿಮನಿ ಕಂಚುಗಾರ ಕೊಡ ಬಡಿಯಾಕತ್ತಾನ. ನಿಮಿಷಕ್ಕ ಎಂಬತ್ತೆರಡು!"

"ಅದಕ್ಕ ಕರೆಂಟ್ ಎಲ್ಲೈತೋ?"

"ಇಲ್ರಿ. ಆದ್ರ ಲೆಕ್ಕ ಕೂಡತೈತಲ್ರಿ!"

ಕಂಚುಗಾರನನ್ನು ನಿಲ್ಲಿಸಿದೆವು. ಕಾಲಿನಿಂದ ತುಳಿಯುವ ಮಷೀನಿನ ದರ್ಜಿಯನ್ನು ನಿಲ್ಲಿಸಿದೆವು. ಹತ್ತಿ ಹಿಂಜುವವನ ಬಿಲ್ಲು ನಿಲ್ಲಿಸಿದೆವು. ತೊಟ್ಟಿಲು ತೂಗುತ್ತಿದ್ದ ಒಬ್ಬ ಬಾಣಂತಿಯ ಮುಂದೆ ಖಾದರ್ ಗಡಿಯಾರ ಹಿಡಿದು ನಿಂತನಂತೆ. ಅವಳ ಅವ್ವ ಕಸಬರಿಗೆ ಎತ್ತಿದಳು. ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಮೌನ. ಜನರೆಲ್ಲ ಆಸ್ಪತ್ರೆಯ ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಒಳಗೆ ದಿಬ್ಬಗಳು ಮಾತ್ರ ಒಂದೇ ಸಮನೆ ಬರುತ್ತಲೇ ಇದ್ದವು.

ಹನುಮಕ್ಕ ಮಂಚದ ಮೇಲೆ ಮಲಗಿ ಮೂರು ತಾಸು ಆಗಿತ್ತು. "ಅಮ್ಮಾ, ನಾ ಎದ್ದು ಹೋಗ್ಲೇನ್ರಿ? ಬಸ್ಸು ತಪ್ಪತೈತಿ," ಎಂದು ಕೇಳಿದಳು.

"ತಡಿಯವಾ, ನಿನ್ನದಲ್ಲ, ಮಷೀನಿಂದು ತೊಂದ್ರಿ," ಎಂದೆ.

ಆಗಲೇ ಮುಳ್ಳುಗಳು ನಿಂತವು. ದಿಬ್ಬ ಮಾತ್ರ ಹೋಗುತ್ತಿದೆ, ಮುಳ್ಳು ಇಲ್ಲ. ಕೈಯ ಬಿಲ್ಲೆ ಸಡಿಲವಾಯಿತು ಎಂದುಕೊಂಡೆ. ಅವಳ ಮುಖವನ್ನೂ ನೋಡದೆ ಮಣಿಕಟ್ಟು ಹಿಡಿದು ಪಟ್ಟಿ ಬಿಗಿ ಮಾಡತೊಡಗಿದೆ. ನನ್ನ ಹೆಬ್ಬೆರಳು ನಾಡಿಯ ಮೇಲಿತ್ತು. ಅಲ್ಲಿ ಏನೂ ಇರಲಿಲ್ಲ.

ಇವತ್ತಿಗೂ ನನ್ನ ಹೆಬ್ಬೆರಳಿಗೆ ಆ ನಿಶ್ಶಬ್ದದ ನೆನಪಿದೆ.

ನಾನು ಚೀರಿದೆ. ಡಾಕ್ಟರು ಓಡಿ ಬಂದು ಅವಳ ಎದೆಗೆ ಮುಷ್ಟಿಯಿಂದ ಗುದ್ದಿದರು. ಒಂದು ಇರುವೆಯನ್ನೂ ನೋಯಿಸದ ಮನುಷ್ಯ. ಅದನ್ನೂ ಎಲ್ಲೋ ಓದಿದ್ದರು. ಎರಡನೆಯ ಗುದ್ದಿಗೆ ಕಾಗದದ ಮೇಲೆ ಒಂದು ಮುಳ್ಳು ಎದ್ದಿತು. ಇನ್ನೊಂದು ಎದ್ದಿತು. ಹನುಮಕ್ಕ ಕಣ್ಣು ಬಿಟ್ಟು ಡಾಕ್ಟರ ಮುಷ್ಟಿ ನೋಡಿದಳು.

"ಯಾಕ ಹೊಡಿತೀರಿ? ನಾ ಏನು ಮಾಡೀನ್ರಿ? ಬಸ್ಸು ತಪ್ಪತೈತಿ ಅಂದೆ, ಅಷ್ಟ!"

ಡಾಕ್ಟರು ಅಲ್ಲೇ ನೆಲದ ಮೇಲೆ ಕೂತು ಕಣ್ಣು ಒರೆಸಿಕೊಂಡರು. ಆಮೇಲೆ ಪಟ್ಟಿ ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಹೃದಯದ ಮೇಲಿನ ಗೂಡಿನಿಂದ ಕೆಳಗಿನ ಗೂಡಿಗೆ ಹೋಗುವ ಕರೆಂಟಿನ ದಾರಿಯೇ ಆಕೆಗೆ ಕಟ್ಟಿಹೋಗಿತ್ತು. ಮೇಲಿನ ಗೂಡಿನ ದಿಬ್ಬವೂ ಆಕೆಯದೇ, ಕೆಳಗಿನ ಗೂಡಿನ ಮುಳ್ಳೂ ಆಕೆಯದೇ. ಒಂದು ಬೀದಿಯನ್ನೇ ನಿಲ್ಲಿಸಿ ನಾವು ಹುಡುಕುತ್ತಿದ್ದದ್ದು ನಮ್ಮ ಮಂಚದ ಮೇಲೆ ಮಲಗಿತ್ತು. ಆ ದಿನದಿಂದ ನಾನು ಮೊದಲು ರೋಗಿಯ ಕೈ ಹಿಡಿಯುತ್ತೇನೆ, ಆಮೇಲೆ ತಂತಿ ಹಿಡಿಯುತ್ತೇನೆ. ನಾನು ಕಲಿಸಿದ ಹುಡುಗಿಯರೆಲ್ಲ ಹಾಗೇ ಮಾಡುತ್ತಾರೆ. ಯಾಕೆ ಎಂದು ಈಗ ಅವರಿಗೆ ತಿಳಿಯಲಿ.

ಆಗ ಈ ರೋಗಕ್ಕೆ ದೊಡ್ಡ ಮದ್ದು ಇರಲಿಲ್ಲ. ಉಬ್ಬಸಕ್ಕೆ ಕೊಡುವ ಎಫೆಡ್ರಿನ್ ಮಾತ್ರೆ ಕೊಟ್ಟರು. ಮುಳ್ಳುಗಳು ಇಪ್ಪತ್ತೆಂಟರಿಂದ ಮೂವತ್ತಾರಕ್ಕೆ ಏರಿದವು. ಬೀಳುವುದು ಕಡಿಮೆಯಾಯಿತು. ಅಮೆರಿಕದಲ್ಲಿ ಹೊರಗಿನಿಂದ ಕರೆಂಟು ಕೊಟ್ಟು ಎದೆ ಬಡಿಯುವಂತೆ ಮಾಡುವ ಪೆಟ್ಟಿಗೆ ಮಾಡಿದ್ದಾರೆ, ಗೋಡೆಯ ಪ್ಲಗ್ಗಿಗೆ ಹಾಕುತ್ತಾರೆ ಎಂದು ಡಾಕ್ಟರು ಪತ್ರಿಕೆಯಲ್ಲಿ ಓದಿ ಖಾದರನಿಗೆ ಹೇಳಿದರು. ಖಾದರ್ ತಲೆ ಕೆರೆದುಕೊಂಡ. "ಆದೋನಿಯಾಗ ಬ್ಯಾಡ್ರಿ ಸಾಬ್," ಎಂದ. "ಇಲ್ಲಿ ಕರೆಂಟು ದಿನಕ್ಕ ನಾಕು ಸಲ ಹೋಗತೈತಿ. ಆಕಿ ನಾಕು ಸಲ ಸಾಯಬೇಕು."

ಈಗ ಅಂಥವರಿಗೆ ಕೊರಳೆಲುಬಿನ ಕೆಳಗೆ ಪೇಸ್‌ಮೇಕರ್ ಇಡುತ್ತಾರೆ. ಬೆಂಕಿಪೆಟ್ಟಿಗೆಯಷ್ಟು. ದೊಡ್ಡ ಅಯಸ್ಕಾಂತದ ಹತ್ತಿರ ಹೋಗಬೇಡಿ, ವೆಲ್ಡಿಂಗ್ ಮಾಡುವಲ್ಲಿ ನಿಲ್ಲಬೇಡಿ, ಓಡುವ ದೊಡ್ಡ ಮೋಟರಿನ ಮೇಲೆ ಬಗ್ಗಬೇಡಿ, ಮನೆಯ ಫ್ಯಾನು ರೇಡಿಯೋಗಳಿಂದ ಭಯವಿಲ್ಲ ಎಂದು ಅವರಿಗೆ ಹೇಳುತ್ತೇವೆ. ಹುಡುಗಿಯರೇ, ಹೇಳಿದರೆ ಸಾಲದು, ಅವರ ಬಾಯಿಂದ ತಿರುಗಿ ಹೇಳಿಸಿ. ನಾವು ಹೇಳಿದ್ದು ಒಂದು, ಮನೆ ಮುಟ್ಟುವುದು ಇನ್ನೊಂದು. ಹನುಮಕ್ಕನ ವಿಷಯದಲ್ಲಿ ಹಾಗೇ ಆಯಿತು.

ಆಕೆ ತಿಂಗಳಿಗೊಮ್ಮೆ ಮಾತ್ರೆಗೆ ಬರುತ್ತಿದ್ದಳು. ಸಾವ್ಕಾರರೂ ತಿಂಗಳಿಗೊಮ್ಮೆ ಬರುತ್ತಿದ್ದರು. ಗಟ್ಟಿಮುಟ್ಟಾದ ಎದೆಯ ಸಾವ್ಕಾರರು, ಮೂವತ್ತಾರು ಬಡಿತದ ಕೂಲಿ ಹೆಂಗಸು, ಇಬ್ಬರೂ ಒಂದೇ ಬೆಂಚಿನ ಎರಡು ತುದಿಗೆ. ಬೇರೆ ಯಾರ ಜೊತೆಯೂ ಹಾಗೆ ಕೂತು ಮಾತಾಡದ ಸಾವ್ಕಾರರು ಆಕೆಗೆ ಪಥ್ಯವೆಲ್ಲ ಹೇಳಿಕೊಟ್ಟರು. "ಫ್ಯಾನಿನ ಕೆಳಗ ಕೂಡಬ್ಯಾಡ. ರೇಡಿಯೋ ಕೇಳಬ್ಯಾಡ."

"ನಮ್ಮೂರಾಗ ಕರೆಂಟೇ ಇಲ್ರಿ ಸಾವ್ಕಾರ್ರೆ."

"ಪುಣ್ಯ ಮಾಡೀದಿ," ಎಂದರು ಸಾವ್ಕಾರರು, ನಿಜವಾದ ಹೊಟ್ಟೆಕಿಚ್ಚಿನಿಂದ.

ಎರಡು ವರ್ಷದ ಮೇಲೆ ತುಂಗಭದ್ರೆಯ ಕರೆಂಟು ಹಳ್ಳಿಗಳಿಗೆ ಹೊರಟಿತು. ಪೆದ್ದಕಡುಬೂರಿನ ರೆಡ್ಡಿಯವರಿಂದ ಡಾಕ್ಟರಿಗೆ ಒಂದು ಕಾಗದ ಬಂತು. ಹನುಮಕ್ಕನ ಓಣಿಯಲ್ಲಿ ಕಂಬ ನೆಡಲು ಜನ ಬಿಡುತ್ತಿಲ್ಲ, ಕರೆಂಟು ಬಂದರೆ ಆಕೆಯ ಎದೆ ಒಡೆಯುತ್ತದೆ ಎನ್ನುತ್ತಾರೆ, ಗುಂಡಿ ತೋಡಿದ್ದನ್ನು ಮೂರು ಸಲ ಮುಚ್ಚಿದ್ದಾರೆ, ದಯವಿಟ್ಟು ಯಾರನ್ನಾದರೂ ಕಳಿಸಿ ಎಂದು.

"ಬೋರ್ಡು ಬರೆಸಿದವಳು ನೀನು, ನೀನೇ ಹೋಗು," ಎಂದರು ಡಾಕ್ಟರು.

ಖಾದರನನ್ನು ಕರೆದುಕೊಂಡು ಬಸ್ಸಿಗೆ ಹೋದೆ. ಓಣಿಯ ಇಪ್ಪತ್ತು ಮನೆಯವರು ಸೇರಿದ್ದರು. ಕರೆಂಟ್ ಆಫೀಸಿನ ಲೈನ್‌ಮನ್ ನೆಲಕ್ಕೆ ಮಲಗಿಸಿದ್ದ ಕಂಬದ ಮೇಲೆ ಕೂತು ಬೀಡಿ ಸೇದುತ್ತಿದ್ದ. ಆ ಓಣಿಯ ಜನ ಒಬ್ಬ ಕೂಲಿ ಹೆಂಗಸಿನ ಜೀವಕ್ಕಾಗಿ ತಮಗೆ ಬರುವ ದೀಪವನ್ನು ಬೇಡ ಎಂದಿದ್ದರು. ಅವರನ್ನು ದಡ್ಡರೆನ್ನಲು ನನಗೆ ಬಾಯಿ ಬರಲಿಲ್ಲ. ಇನ್ನೇನು ಮಾತು ತೆಗೆಯಬೇಕು, ಹನುಮಕ್ಕ "ಬಿಸಲಾಗ ಬಂದೀರಿ, ನೀರು ಕುಡೀರಿ," ಎಂದು ಕೈ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಬಾಗಿಲು ಮುಂದೆ ಮಾಡಿದಳು.

"ಅಮ್ಮಾ, ಒಂದು ತಪ್ಪು ಮಾಡೀನ್ರಿ."

"ಏನು?"

"ನಮ್ಮತ್ತಿ ಈರಮ್ಮನ್ನ ನೀವು ನೋಡಿಲ್ಲ. ಆಕಿ ಇಲ್ಲಿ ಬಾಯಿ ತಗದ್ರ ಅತ್ತಾಗಿನ ಊರಾಗ ನಾಯಿ ಬೊಗಳತಾವು. ಹದಿನೈದು ವರ್ಷ ಕೇಳೀನ್ರಿ ಆ ಬಾಯಿ. ಸಾವ್ಕಾರ್ರು ಪಥ್ಯ ಹೇಳಿದ್ರಲ್ಲ, ಅದಕ್ಕ ನಾನೂ ಒಂದು ಸೇರಿಸಿದೆ. ಹತ್ತು ಮಾರಿನೊಳಗ ಯಾರರ ಒದರಿದ್ರ ಅದರಿಂದ ಕರೆಂಟು ಹುಟ್ಟಿ ನನ್ನ ಎದಿಗೆ ಬಡೀತೈತಿ, ದವಾಖಾನ್ಯಾಗ ಹೇಳ್ಯಾರ ಅಂದೆ. ಅವತ್ತಿನಿಂದ ಆಕಿ ಬಾಯಿ ಬಿಟ್ಟಿಲ್ಲ. ಎರಡು ಕೊಡ ಹೊರು ಅನ್ನಲ್ಲ, ಕುಟ್ಟು ಅನ್ನಲ್ಲ. ಕಂಬ ಬ್ಯಾಡ ಅಂತ ನಾ ಅಂದಿಲ್ರಿ, ಅದು ಮಂದಿ ತಾವೇ ಹಚ್ಚಿಕೊಂಡಿದ್ದು. ನನಗೂ ದೀಪ ಬೇಕು. ಆದ್ರ ಕರೆಂಟಿನಿಂದ ಏನೂ ಆಗಲ್ಲ ಅಂತ ನೀವು ಹೇಳಿದ್ರ, ಬಾಯಿಂದನೂ ಏನೂ ಆಗಲ್ಲ ಅಂತ ಆಕಿಗೆ ಗೊತ್ತಾಗತೈತಿ."

ನಾನು ನೀರಿನ ಚೊಂಬು ಹಿಡಿದು ನಿಂತೆ. ಇನ್ನೊಂದು ಕೈಯಲ್ಲಿ ಅವಳ ನಾಡಿ. ಮೂವತ್ನಾಲ್ಕು. ಎರಡು ಕೊಡ ಹೊತ್ತಿದ್ದರೆ, ಒನಕೆ ಹಿಡಿದು ಕುಟ್ಟಿದ್ದರೆ ಈ ಎರಡು ವರ್ಷ ಆಕೆ ಉಳಿಯುತ್ತಿರಲಿಲ್ಲ. ನಮ್ಮ ಮಾತ್ರೆಗಿಂತ ಹೆಚ್ಚಿನ ಕೆಲಸವನ್ನು ಆ ಸುಳ್ಳು ಮಾಡಿತ್ತು. ಚೊಂಬು ಕೆಳಗಿಟ್ಟು ಹೊರಗೆ ಬಂದೆ.

ಜನಕ್ಕೆ ಹೇಳಿದೆ. ತಂತಿಯೊಳಗಿನ ಕರೆಂಟು ತಂತಿಯೊಳಗೇ ಇರುತ್ತದೆ. ಅದನ್ನು ಕೈಯಿಂದ ಮುಟ್ಟಬಾರದು, ಅದು ಎಲ್ಲರಿಗೂ ಒಂದೇ ಮಾತು. ದೀಪದಿಂದ ಹನುಮಕ್ಕನ ಎದೆಗೆ ಏನೂ ಆಗುವುದಿಲ್ಲ. ಬೋರ್ಡಿನ ತಪ್ಪು ನನ್ನದು. ಕಂಬದ ತುದಿಯಲ್ಲಿ ತಂತಿ ಕೂರುವ ಬಿಳಿಯ ಪಿಂಗಾಣಿ ಕಪ್ಪುಗಳನ್ನು ಖಾದರ್ ಎತ್ತಿ ತೋರಿಸಿದ. ಕರೆಂಟು ಇದನ್ನು ದಾಟಿ ಕಂಬಕ್ಕೆ ಇಳಿಯುವುದಿಲ್ಲ ಎಂದ. ಜನ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು.

ಆಗ ಗುಂಪಿನ ಹಿಂದಿನಿಂದ, ಸರಿಯಾಗಿ ಹತ್ತು ಮಾರು ದೂರದಿಂದ, ಒಬ್ಬ ದಪ್ಪನೆಯ ಮುದುಕಿ ಕೈ ಎತ್ತಿದಳು. ಪಿಸುದನಿಯಲ್ಲಿ ಏನೋ ಕೇಳಿದಳು. ಕೇಳಿಸಲಿಲ್ಲ. ಮುಂದಿದ್ದವರು ಒಬ್ಬರಿಂದ ಒಬ್ಬರಿಗೆ ದಾಟಿಸಿ ನನಗೆ ಮುಟ್ಟಿಸಿದರು.

"ಹಂಗಾದ್ರ ನನ್ನ ಬಾಯಿಂದನೂ ಏನೂ ಆಗಲ್ಲೇನು ಅಂತ ಈರಮ್ಮ ಕೇಳ್ತಾಳ್ರಿ."

ಹನುಮಕ್ಕ ಬಾಗಿಲಲ್ಲಿ ನಿಂತು ನೆಲ ನೋಡುತ್ತಿದ್ದಳು. ಖಾದರ್ ನನ್ನ ಮುಖ ನೋಡಿದ.

"ಅದು ಬ್ಯಾರೆ ಅಮ್ಮಾ," ಎಂದೆ. "ತಂತಿಗೆ ಪಿಂಗಾಣಿ ಕಪ್ಪು ಇರತೈತಿ. ಬಾಯಿಗೆ ಎಲ್ಲೈತಿ?"

"ಬಿಲ್ಕುಲ್," ಎಂದ ಖಾದರ್, ಬಹಳ ಗಂಭೀರವಾಗಿ. "ಬಾಯಿಗೆ ತಡೆ ಇಲ್ಲ."

"ಎರಡು ಕೊಡ ಹೊರಿಸೋದು, ಕುಟ್ಟಿಸೋದು ಅದಕ್ಕಿಂತ ಕೆಟ್ಟದ್ದು," ಎಂದು ನಾನು ಸೇರಿಸಿದೆ. ಅದಂತೂ ನಿಜವೇ.

ಈರಮ್ಮ ಯೋಚಿಸಿದಳು. ನೋಡುತ್ತಿದ್ದ ಹಾಗೆ ಅವಳ ಮುಖ ಅರಳುತ್ತಾ ಬಂತು. ಮತ್ತೆ ಒಬ್ಬರಿಂದ ಒಬ್ಬರಿಗೆ ಮಾತು ದಾಟಿ ಬಂತು: "ತುಂಗಭದ್ರಾ ಕರೆಂಟಿಗಿಂತ ನನ್ನ ಬಾಯಿ ಜೋರು ಅಂದಂಗಾತೇನು ಅಂತ ಕೇಳ್ತಾಳ್ರಿ."

"ಹೌದ್ರಿ," ಎಂದೆ.

ಈರಮ್ಮ ಇಡೀ ಓಣಿಯನ್ನು ಒಮ್ಮೆ ಹೆಮ್ಮೆಯಿಂದ ನೋಡಿದಳು. ಸೆರಗಿನಿಂದ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ಆಮೇಲೆ ಲೈನ್‌ಮನ್ನಿನ ಕಡೆ ತಿರುಗಿ, ಕಂಬ ಎತ್ತು ಎಂದು ಕೈ ಮಾಡಿದಳು.